ಒಂದು ಪೆಟ್ಟಿಗೆ ಕಾರ್ಡು, ಐವತ್ತು ವರ್ಷದ ಲೆಕ್ಕ

1976ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಿಂದ ಬೇರೆ ಬೇರೆ ಪ್ರಯೋಗಾಲಯಗಳಿಗೆ ಒಂದು ಪೆಟ್ಟಿಗೆ ರವಾನೆಯಾಗತೊಡಗಿತು. ಮುಚ್ಚಳ ತೆಗೆದರೆ ಒಳಗೆ ಕಂತೆ ಕಂತೆ ತೆಳು ರಟ್ಟಿನ ಕಾರ್ಡುಗಳು, ಕಾರ್ಡಿನ ತುಂಬ ಚಿಕ್ಕ ಚಿಕ್ಕ ತೂತುಗಳು. ಆ ತೂತುಗಳಲ್ಲಿ ಅಡಗಿದ್ದದ್ದು ಒಂದು ಕಂಪ್ಯೂಟರ್ ಪ್ರೋಗ್ರಾಂ. ಜೊತೆಗೆ, ಅದು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಿಕೊಳ್ಳಲು ಒಂದಿಷ್ಟು ಮಾದರಿ ಅಂಕಿಗಳು. ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಹಿಡಿಯಬೇಕೆಂದು ಬರೆದವರು ಅದನ್ನು ಸಾಧ್ಯವಾದಷ್ಟು ಅಡಕಗೊಳಿಸಿದ್ದರು. ಪ್ರೋಗ್ರಾಮಿನ ಹೆಸರು ಶೆಲೆಕ್ಸ್. ಬರೆದವರು ಜಾರ್ಜ್ ಶೆಲ್ಡ್ರಿಕ್ ಎಂಬ ರಸಾಯನವಿಜ್ಞಾನಿ.

ಹರಳಿನೊಳಗೆ ಪರಮಾಣುಗಳು ಎಲ್ಲೆಲ್ಲಿ ಕುಳಿತಿವೆ ಎಂಬುದನ್ನು ಲೆಕ್ಕಹಾಕಿ ಹೇಳುವುದು ಶೆಲೆಕ್ಸ್‌ನ ಕೆಲಸ. ಅದು ಹುಟ್ಟಿದ ಕಾಲದ ಕಂಪ್ಯೂಟರುಗಳು ಎಂದೋ ಗುಜರಿಗೆ ಹೋದವು, ಅದೃಷ್ಟವಿದ್ದ ಕೆಲವು ವಸ್ತುಸಂಗ್ರಹಾಲಯ ಸೇರಿದವು. ಕಾರ್ಡು ಓದುವ ಯಂತ್ರವನ್ನು ಇಂದಿನ ವಿದ್ಯಾರ್ಥಿಗಳು ಚಿತ್ರದಲ್ಲಷ್ಟೇ ನೋಡಿಯಾರು. ಶೆಲೆಕ್ಸ್ ಮಾತ್ರ ಬದುಕಿದೆ. ಹೊಸ ಔಷಧದ ಅಣುವಿರಲಿ, ಗಣಿಯಲ್ಲಿ ಸಿಕ್ಕ ಖನಿಜವಿರಲಿ, ಅದರ ರಚನೆ ತಿಳಿಯಬೇಕಾದಾಗ ರಸಾಯನವಿಜ್ಞಾನಿಗಳು ಈಗಲೂ ಆ ಕುಟುಂಬದ ಪ್ರೋಗ್ರಾಮುಗಳ ಮೊರೆಹೋಗುತ್ತಾರೆ. ಶೆಲ್ಡ್ರಿಕ್ ತಮ್ಮ 82ನೆಯ ವಯಸ್ಸಿನಲ್ಲಿ, 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಬರೆದದ್ದನ್ನು ಅವರು ಸುಮಾರು ಅರ್ಧ ಶತಮಾನ ಕಾಲ ಕಾಪಾಡಿಕೊಂಡು ಬಂದಿದ್ದರು.

ಕೆರೆ ಕಟ್ಟಿಸಿದವರ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ವರ್ಷವರ್ಷವೂ ಹೂಳೆತ್ತಿದವರ ಹೆಸರು ಉಳಿಯುವುದು ಅಪರೂಪ. ವಿಜ್ಞಾನದ ಲೆಕ್ಕ ಮಾಡುವ ಪ್ರೋಗ್ರಾಮುಗಳ ಕಥೆಯೂ ಹೀಗೆಯೇ. ಕಂಡುಹಿಡಿದವರಿಗೆ ನೊಬೆಲ್ ಬರುತ್ತದೆ. ಆ ಲೆಕ್ಕ ಇಪ್ಪತ್ತು ವರ್ಷಗಳ ಅನಂತರವೂ ತಪ್ಪಿಲ್ಲದೆ ನಡೆಯುವಂತೆ ನೋಡಿಕೊಳ್ಳುವವರಿಗೆ ಬರುವುದು ಹೆಚ್ಚಾಗಿ ದೂರಿನ ಪತ್ರಗಳು.

ಮೊದಲು ಆ ಲೆಕ್ಕ ಏನೆಂದು ನೋಡೋಣ. ಹರಳೆಂದರೆ ಚುಕ್ಕಿ ರಂಗೋಲಿಯಿದ್ದಂತೆ. ಒಂದೇ ವಿನ್ಯಾಸ ಸಾಲುಸಾಲಾಗಿ, ಮೂರು ದಿಕ್ಕಿಗೂ ಮರುಕಳಿಸುತ್ತದೆ. ಅದರ ಮೇಲೆ ಕ್ಷ-ಕಿರಣ ಹಾಯಿಸಿದರೆ ಕಿರಣ ಚದುರಿ, ಹಿಂದಿಟ್ಟ ಫಿಲ್ಮಿನ ಮೇಲೆ ನೂರಾರು ಚುಕ್ಕಿಗಳು ಮೂಡುತ್ತವೆ. ಇದನ್ನು 1912ರಲ್ಲಿ ಜರ್ಮನಿಯ ಮ್ಯಾಕ್ಸ್ ಫಾನ್ ಲೌವೆ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಮರುವರ್ಷವೇ ಬ್ರಾಗ್ ತಂದೆ-ಮಕ್ಕಳು ಆ ಚುಕ್ಕಿಗಳಿಂದ ಹಿಂದಕ್ಕೆ ಲೆಕ್ಕಹಾಕಿ ಅಡಿಗೆ ಉಪ್ಪಿನ ಹರಳಿನಲ್ಲಿ ಸೋಡಿಯಂ, ಕ್ಲೋರಿನ್‌ಗಳು ಹೇಗೆ ಜೋಡಣೆಗೊಂಡಿವೆಯೆಂದು ಹೇಳಿದರು.

ಹಿಂದಕ್ಕೆ ಲೆಕ್ಕಹಾಕುವುದೆಂದರೆ ಸುಲಭವಲ್ಲ. ದೇವಸ್ಥಾನದ ಕಲ್ಯಾಣಿಗೆ ಯಾರೋ ಹತ್ತಾರು ಕಲ್ಲು ಎಸೆದರೆನ್ನಿ. ಮೆಟ್ಟಿಲಿಗೆ ಬಂದು ಬಡಿಯುವ ಅಲೆಗಳನ್ನು ನೋಡಿ ಕಲ್ಲುಗಳು ಎಲ್ಲೆಲ್ಲಿ ಬಿದ್ದವೆಂದು ಹೇಳಬೇಕು. ಅಲೆಯ ಎತ್ತರವೂ ಅದು ಬಂದು ಬಡಿದ ಗಳಿಗೆಯೂ ಗೊತ್ತಿದ್ದರೆ ಗಣಿತದಿಂದ ಸಾಧ್ಯ. ಆದರೆ ಫಿಲ್ಮಿನ ಚುಕ್ಕಿ ಎತ್ತರವನ್ನಷ್ಟೇ ಹೇಳುತ್ತದೆ, ಗಳಿಗೆಯನ್ನು ನುಂಗಿಹಾಕುತ್ತದೆ. ಕಳೆದುಹೋದ ಆ ಅರ್ಧ ಮಾಹಿತಿಯನ್ನು ಊಹಿಸಬೇಕು, ಊಹೆಯಿಂದ ಪರಮಾಣುಗಳ ಒಂದು ಚಿತ್ರ ಬಿಡಿಸಬೇಕು, ಆ ಚಿತ್ರ ನಿಜವಾದರೆ ಯಾವ ಚುಕ್ಕಿ ಎಷ್ಟು ಗಾಢವಾಗಿ ಬರಬೇಕಿತ್ತೆಂದು ಲೆಕ್ಕಹಾಕಬೇಕು, ಅಳತೆಯೊಂದಿಗೆ ಹೋಲಿಸಬೇಕು, ಪರಮಾಣುಗಳನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ಮೊದಲಿನಿಂದ ಲೆಕ್ಕ ಹಿಡಿಯಬೇಕು. ಒಂದು ಪರಮಾಣುವಿನ ಸ್ಥಾನಕ್ಕೆ ಮೂರು ಸಂಖ್ಯೆ, ಅದರ ಕಂಪನಕ್ಕೆ ಆರು. ಐವತ್ತು ಪರಮಾಣುಗಳ ಸಾಧಾರಣ ಅಣುವಿಗೇ 450 ಅಜ್ಞಾತಗಳು!

ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದನ್ನು ಜನ ಕೈಯಲ್ಲೇ ಮಾಡಿದರು ಎಂದರೆ ಆಶ್ಚರ್ಯವಾಗುತ್ತದೆ. 1930ರ ದಶಕದಲ್ಲಿ ಬೀವರ್ಸ್ ಮತ್ತು ಲಿಪ್ಸನ್ ಎಂಬ ಇಬ್ಬರು ಸಂಶೋಧಕರು ಒಂದು ಉಪಾಯ ಕಂಡುಕೊಂಡರು. ಬೇಕಾಗುವ ಸೈನ್, ಕೊಸೈನ್ ಬೆಲೆಗಳನ್ನೆಲ್ಲ ಮೊದಲೇ ಗುಣಿಸಿ ರಟ್ಟಿನ ಉದ್ದನೆಯ ಪಟ್ಟಿಗಳ ಮೇಲೆ ಅಚ್ಚುಹಾಕಿಸಿ ಮರದ ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟರು. ಲೆಕ್ಕ ಮಾಡುವವರು ತಮಗೆ ಬೇಕಾದ ಪಟ್ಟಿಗಳನ್ನು ಹೆಕ್ಕಿ, ಒಂದರ ಕೆಳಗೊಂದು ಇಟ್ಟು, ಕಂಬಸಾಲುಗಳನ್ನು ಕೂಡುತ್ತ ಹೋಗಬೇಕು. ಪಟ್ಟಿಯನ್ನು ತಿರುಗಿ ತಪ್ಪು ಜಾಗದಲ್ಲಿ ಇಟ್ಟರೆ ಮುಂದಿನವರ ಲೆಕ್ಕ ಕೆಟ್ಟಿತು. ಒಂದರ್ಥದಲ್ಲಿ ಅದೇ ಈ ಶಾಸ್ತ್ರದ ಮೊದಲ ತಂತ್ರಾಂಶ. ಅದನ್ನೂ ಯಾರಾದರೂ ಅಚ್ಚುಕಟ್ಟಾಗಿ ಇಟ್ಟುಕೊಂಡಿರಬೇಕಿತ್ತು.

ಕೇಂಬ್ರಿಜ್‌ನಲ್ಲಿ ಮಾರಿಸ್ ವಿಲ್ಕ್ಸ್ ಮತ್ತು ಸಂಗಡಿಗರು ಕಟ್ಟಿದ ಎಡ್ಸ್ಯಾಕ್ ಎಂಬ ಕಂಪ್ಯೂಟರು 1949ರ ಮೇ 6ರಂದು ತನ್ನ ಮೊದಲ ಲೆಕ್ಕ ಮಾಡಿತು. ಸುಮಾರು 3000 ವಾಲ್ವುಗಳು, ನೆನಪಿಟ್ಟುಕೊಳ್ಳಲು ಪಾದರಸ ತುಂಬಿದ ಉದ್ದನೆಯ ಕೊಳವೆಗಳು. ಪ್ರೋಗ್ರಾಮನ್ನು ಕಾಗದದ ಪಟ್ಟಿಯಲ್ಲಿ ತೂತು ಹೊಡೆದು ಕೊಡಬೇಕು. ಸರದಿಯಲ್ಲಿದ್ದವರ ಪಟ್ಟಿಗಳನ್ನು ಬಟ್ಟೆ ಒಣಹಾಕುವಂತೆ ಹಗ್ಗಕ್ಕೆ ನೇತುಹಾಕುತ್ತಿದ್ದರಂತೆ. ವಿಲ್ಕ್ಸ್ ಬರೆದ ಮೊದಲ ದೊಡ್ಡ ಪ್ರೋಗ್ರಾಮಿನಲ್ಲಿ ಇದ್ದದ್ದು 126 ಸಾಲು. ಅದರಲ್ಲಿ ಇಪ್ಪತ್ತರಷ್ಟು ತಪ್ಪು. ಒಮ್ಮೆ ಯಂತ್ರದ ಕೋಣೆಗೂ ತೂತು ಹೊಡೆಯುವ ಕೋಣೆಗೂ ನಡುವೆ ಮೆಟ್ಟಿಲು ಹತ್ತಿಳಿಯುತ್ತಿದ್ದಾಗ, ತಮ್ಮ ಉಳಿದ ಆಯುಷ್ಯದ ಒಂದು ದೊಡ್ಡ ಭಾಗ ತಮ್ಮದೇ ಪ್ರೋಗ್ರಾಮುಗಳ ತಪ್ಪು ಹುಡುಕುವುದರಲ್ಲಿ ಕಳೆಯಲಿದೆ ಎಂಬ ಅರಿವು ಅವರಿಗೆ ಥಟ್ಟನೆ ಮೂಡಿತಂತೆ. ಆತ್ಮಕಥೆಯಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ. ತಂತ್ರಾಂಶದ ನಿರ್ವಹಣೆ ಎಂಬ ಕಸುಬು ಹುಟ್ಟಿದ್ದು ಆ ಮೆಟ್ಟಿಲ ಮೇಲೆಯೇ ಎನ್ನಬಹುದು.

ಪ್ರತಿಯೊಬ್ಬರೂ ವರ್ಗಮೂಲ ತೆಗೆಯುವ ಪ್ರೋಗ್ರಾಮನ್ನು ಹೊಸದಾಗಿ ಬರೆದು ಹೊಸದಾಗಿ ತಪ್ಪು ಮಾಡುವುದು ಬೇಡವೆಂದು, ವಿಲ್ಕ್ಸ್ ಬಳಗದ ಡೇವಿಡ್ ವೀಲರ್ ಒಂದು ದಾರಿ ಮಾಡಿದರು. ಒಮ್ಮೆ ಬರೆದು, ತಿದ್ದಿ, ಪರೀಕ್ಷಿಸಿದ ತುಣುಕುಗಳನ್ನು ಕಪಾಟಿನಲ್ಲಿಟ್ಟರು. ಬೇಕಾದವರು ಅದರ ನಕಲನ್ನು ತಮ್ಮ ಪಟ್ಟಿಗೆ ಸೇರಿಸಿಕೊಳ್ಳಬಹುದು. ಕಪಾಟಿನ ತುಣುಕು ನಂಬಿಕೆಗೆ ಅರ್ಹ ಎಂಬುದೇ ಅದರ ಹೆಚ್ಚುಗಾರಿಕೆ. ಇದರ ವಿವರವನ್ನು ವಿಲ್ಕ್ಸ್, ವೀಲರ್ ಮತ್ತು ಗಿಲ್ 1951ರಲ್ಲಿ ಪುಸ್ತಕವಾಗಿ ಹೊರತಂದರು.

ಹರಳಿನ ಲೆಕ್ಕದವರು ಎಡ್ಸ್ಯಾಕ್‌ನ ಬಾಗಿಲು ತಟ್ಟಲು ತಡಮಾಡಲಿಲ್ಲ. ಜಾನ್ ಕೆಂಡ್ರೂ ಮತ್ತು ಜಾನ್ ಬೆನೆಟ್ 1952ರಲ್ಲೇ ಇಂಥ ಲೆಕ್ಕವನ್ನು ಅದರಲ್ಲಿ ಹೇಗೆ ಮಾಡುವುದೆಂದು ಪ್ರಕಟಿಸಿದರು. ತಿಮಿಂಗಿಲದ ಸ್ನಾಯುವಿನಲ್ಲಿರುವ ಮಯೋಗ್ಲೋಬಿನ್ ಎಂಬ ಪ್ರೋಟೀನಿನ ಒರಟು ಚಿತ್ರ 1957ರಲ್ಲಿ ಮೂಡಿತು. ಪ್ರೋಟೀನೊಂದು ಮನುಷ್ಯನ ಕಣ್ಣಿಗೆ ಹೀಗೆ ಕಂಡದ್ದು ಅದೇ ಮೊದಲು. ಕೆಂಡ್ರೂಗೆ 1962ರಲ್ಲಿ ಮ್ಯಾಕ್ಸ್ ಪೆರುಟ್ಜ್ ಜೊತೆ ನೊಬೆಲ್ ಬಂತು. ಇತ್ತ ಆಕ್ಸ್‌ಫರ್ಡ್‌ನಲ್ಲಿ ಡೊರೊಥಿ ಹಾಜ್‌ಕಿನ್ ಬಿ-12 ಜೀವಸತ್ವದ ಹರಳಿನೊಂದಿಗೆ ವರ್ಷಗಟ್ಟಲೆ ಗುದ್ದಾಡುತ್ತಿದ್ದರು. ಅವರ ಲೆಕ್ಕ ನಡೆದದ್ದು ಸಾಗರದಾಚೆ, ಲಾಸ್ ಏಂಜಲೀಸ್‌ನ ಸ್ವ್ಯಾಕ್ ಯಂತ್ರದಲ್ಲಿ. ಕೆನೆತ್ ಟ್ರೂಬ್ಲಡ್ ಎಂಬ ವಿಜ್ಞಾನಿ ಅಲ್ಲಿ ಲೆಕ್ಕ ಮಾಡಿಸಿ, ಉತ್ತರಗಳನ್ನು ಅಂಚೆಯಲ್ಲೂ ತಂತಿಯಲ್ಲೂ ಕಳಿಸುತ್ತಿದ್ದರು. ಹಾಜ್‌ಕಿನ್‌ಗೆ 1964ರಲ್ಲಿ ನೊಬೆಲ್.

ಆದರೆ ಎಡ್ಸ್ಯಾಕ್ 1958ರಲ್ಲಿ ಕಣ್ಣು ಮುಚ್ಚಿತು. ಅದರ ಜಾಗಕ್ಕೆ ಬಂದ ಎಡ್ಸ್ಯಾಕ್-2 ಅದಕ್ಕಿಂತ ಎಷ್ಟೋ ವೇಗದ್ದು. ಆದರೆ ಅದಕ್ಕೆ ತಿಳಿಯುವ ಆಜ್ಞೆಗಳೇ ಬೇರೆ. ಕಪಾಟಿನಲ್ಲಿ ಜೋಪಾನ ಮಾಡಿದ್ದ ಪಟ್ಟಿಗಳು ಅಲ್ಲಿ ನಡೆಯುವಂತಿರಲಿಲ್ಲ. ಯಂತ್ರ ಸತ್ತರೆ ಅದರೊಂದಿಗೆ ಪ್ರೋಗ್ರಾಮುಗಳೂ ಸಹಗಮನ ಮಾಡಬೇಕು ಎಂಬುದು ಆ ದಿನಗಳ ಕಟ್ಟಳೆ.

ಇದನ್ನು ಸಡಿಲಿಸಿದ್ದು ಫೋರ್ಟ್ರಾನ್ ಭಾಷೆ. ಐಬಿಎಂ ಕಂಪನಿಯ ಜಾನ್ ಬ್ಯಾಕಸ್ ತಂಡ 1957ರಲ್ಲಿ ಹೊರತಂದ ಈ ಭಾಷೆಯಲ್ಲಿ ಗಣಿತದ ಸೂತ್ರವನ್ನು ಹೆಚ್ಚುಕಡಿಮೆ ಸೂತ್ರದ ರೂಪದಲ್ಲೇ ಬರೆಯಬಹುದು. ಯಂತ್ರದ ಆಜ್ಞೆಗಳಿಗೆ ಅದನ್ನು ಯಂತ್ರವೇ ಅನುವಾದಿಸಿಕೊಳ್ಳುತ್ತದೆ. ಬೇರೆ ಯಂತ್ರ ಬಂದರೆ ಹೊಸ ಅನುವಾದಕ ಸಾಕು. ಹೇಳಲಿಕ್ಕೆ ಸರಳ. ಆದರೆ ಪ್ರತಿಯೊಂದು ಕಂಪನಿಯೂ ತನ್ನದೇ ಒಗ್ಗರಣೆ ಹಾಕಿ ಫೋರ್ಟ್ರಾನ್ ಮಾರುತ್ತಿತ್ತು. ಮಂಗಳೂರಿನ ಕನ್ನಡ, ಧಾರವಾಡದ ಕನ್ನಡ, ಮೈಸೂರಿನ ಕನ್ನಡ ಇದ್ದ ಹಾಗೆ. ಮನುಷ್ಯರಾದರೆ ಹೊಂದಿಕೊಂಡು ಅರ್ಥಮಾಡಿಕೊಳ್ಳುತ್ತಾರೆ, ಯಂತ್ರ ಒಂದು ಅಲ್ಪವಿರಾಮ ತಪ್ಪಿದರೂ ಮುಷ್ಕರ ಹೂಡುತ್ತದೆ. ಎಲ್ಲ ಯಂತ್ರಗಳಿಗೂ ಒಪ್ಪಿಗೆಯಾಗುವ ಪದಗಳನ್ನಷ್ಟೇ ಬಳಸಿ ಬರೆಯುವ ಶಿಸ್ತು ಮೈಗೂಡಿಸಿಕೊಂಡವರು ಕೆಲವರೇ. ಅವರಲ್ಲಿ ಶೆಲ್ಡ್ರಿಕ್ ಒಬ್ಬರು.

ಅವರು ಶೆಲೆಕ್ಸ್‌ನ ಮೊದಲ ರೂಪ ಬರೆದದ್ದು 1960ರ ದಶಕದ ಕೊನೆಯಲ್ಲಿ. ಅಂದಿನ ಲೆಕ್ಕದ ಸಾಮಗ್ರಿ ಫಿಲ್ಮಿನ ಚುಕ್ಕಿಗಳು. ಕಂಪ್ಯೂಟರಿನ ನೆನಪಿನಲ್ಲಿ ಜಾಗದ ಬರ. ಆದ್ದರಿಂದ ಒಂದೊಂದು ಅಕ್ಷರಕ್ಕೂ ಜಿಪುಣತನ. ಬಳಕೆದಾರ ಕೊಡುವ ಆಜ್ಞೆಗಳಿಗೆ ನಾಲ್ಕೇ ಅಕ್ಷರ, ಪರಮಾಣುವಿನ ಹೆಸರಿಗೂ ನಾಲ್ಕೇ ಅಕ್ಷರದ ಮಿತಿ. ಒಂದು ಸಾಲಿಗೆ 80 ಅಕ್ಷರ, ಏಕೆಂದರೆ ಒಂದು ಕಾರ್ಡಿನಲ್ಲಿದ್ದದ್ದು 80 ಕಂಬಸಾಲು.

ಕಾರ್ಡುಗಳ ಕಾಲವನ್ನು ಕಂಡವರು ಇಂದಿಗೂ ಅದನ್ನು ನಗುತ್ತ, ಸ್ವಲ್ಪ ಬೆವರುತ್ತ ನೆನೆಯುತ್ತಾರೆ. ಸಾಮಾನ್ಯವಾಗಿ ಒಂದು ಪೆಟ್ಟಿಗೆಗೆ 2000 ಕಾರ್ಡು. ಕೈಜಾರಿ ಬಿದ್ದು ಚೆಲ್ಲಾಪಿಲ್ಲಿಯಾದರೆ ಪ್ರೋಗ್ರಾಮಿನ ಕಥೆ ಮುಗಿಯಿತು. ಅದಕ್ಕೆಂದೇ ಫೋರ್ಟ್ರಾನ್ ಬರೆಯುವವರು ಕಾರ್ಡಿನ ಕೊನೆಯ ಎಂಟು ಕಂಬಸಾಲುಗಳನ್ನು ಕ್ರಮಸಂಖ್ಯೆಗೆ ಬಿಟ್ಟಿರುತ್ತಿದ್ದರು. ಇನ್ನೂ ಚುರುಕಾದವರು ಜೋಡಿಸಿದ ಕಂತೆಯ ನೆತ್ತಿಯ ಮೇಲೆ ಮೂಲೆಯಿಂದ ಮೂಲೆಗೆ ಪೆನ್ನಿನಿಂದ ಓರೆಗೆರೆ ಎಳೆಯುತ್ತಿದ್ದರು. ಕಾರ್ಡು ಸ್ಥಾನ ಬಿಟ್ಟಿದ್ದರೆ ಗೆರೆ ಮುರಿದು ಕಾಣುತ್ತಿತ್ತು. ಸಂಜೆ ಕಂತೆ ಒಪ್ಪಿಸಿ, ಮರುದಿನ ಬೆಳಿಗ್ಗೆ ಬಂದರೆ ಕೈಗೆ ಸಿಗುತ್ತಿದ್ದದ್ದು ಅನೇಕ ವೇಳೆ ಉತ್ತರವಲ್ಲ, ಇಂಥ ಕಾರ್ಡಿನಲ್ಲಿ ಒಂದು ಆವರಣಚಿಹ್ನೆ ತಪ್ಪಿದೆ ಎಂಬ ಒಂದು ಸಾಲು. ಐಬಿಎಂ 360/44 ಯಂತ್ರವಿದ್ದ 1970ರ ದಶಕದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ ಆ ಕಾಲ ಅಪರಿಚಿತವಲ್ಲ.

ಬೆಂಗಳೂರಿನ ಮಾತು ಬಂದದ್ದು ಕಾರಣವಿಲ್ಲದೆ ಅಲ್ಲ. 1978ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಡಿಎನ್ಎಯ ಒಂದು ಪುಟ್ಟ ತುಣುಕಿನ ರಚನೆಯನ್ನು ವಿವರಿಸುವ ಎರಡು ಪುಟದ ಲೇಖನ ಬಂತು. ಏಳು ಜನ ಲೇಖಕರಲ್ಲಿ ಮೊದಲ ಹೆಸರು ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎ. ವಿಶ್ವಾಮಿತ್ರ ಅವರದು, ಎರಡನೆಯದು ಕೇಂಬ್ರಿಜ್‌ನ ಓಲ್ಗಾ ಕೆನಾರ್ಡ್ ಅವರದು, ನಾಲ್ಕನೆಯದು ಜಾರ್ಜ್ ಶೆಲ್ಡ್ರಿಕ್ ಅವರದು. ವಾಟ್ಸನ್-ಕ್ರಿಕ್ ಜೋಡಿಸುರುಳಿಯ ಮಾದರಿ 1953ರದೇ ಆದರೂ ಅದಕ್ಕೆ ಆಧಾರವಾಗಿದ್ದದ್ದು ಡಿಎನ್ಎ ನಾರುಗಳ ಮಸುಕಾದ ಚಿತ್ರಗಳು. ಒಂದೊಂದು ಪರಮಾಣುವೂ ಬಿಡಿಯಾಗಿ ಕಾಣಬೇಕಾದರೆ ನಾರು ಸಾಲದು, ಹರಳೇ ಬೇಕು. ಎ, ಟಿ, ಎ, ಟಿ ಎಂಬ ನಾಲ್ಕು ಅಕ್ಷರಗಳ ಆ ತುಣುಕಿನ ಹರಳು ಒಂದು ಹೊಸ ಸಂಗತಿ ಹೇಳಿತು: ಸರಪಣಿಯಲ್ಲಿರುವ ಸಕ್ಕರೆಯ ಉಂಗುರಗಳು ಎಲ್ಲವೂ ಒಂದೇ ರೀತಿ ಮಡಿಸಿಲ್ಲ, ಒಂದು ಬಿಟ್ಟು ಒಂದು ಬೇರೆ ಬೇರೆ ರೀತಿ ಮಡಿಸಿವೆ. ಅಂದರೆ ಡಿಎನ್ಎ ಏಕರೂಪದ ಏಣಿಯಲ್ಲ. ಅದರಲ್ಲಿ ಬರೆದ ಅಕ್ಷರಗಳಿಗೆ ತಕ್ಕಂತೆ ಅದರ ಆಕಾರವೂ ಕೊಂಚ ಬದಲಾಗಬಹುದು. ಇದರ ಬೆನ್ನಿಗೇ 1979ರಲ್ಲಿ ಆರನ್ ಕ್ಲಗ್, ವಿಶ್ವಾಮಿತ್ರ ಮತ್ತು ಇತರರು ಡಿಎನ್ಎಗೆ ಹೊಸದೊಂದು ಮಾದರಿಯನ್ನೇ ಮುಂದಿಟ್ಟರು.

ಅದೇ 1978ರಲ್ಲಿ ಶೆಲ್ಡ್ರಿಕ್ ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯಕ್ಕೆ ಹೋದರು. ಶೆಲೆಕ್ಸ್-76 ಮಾತ್ರ ಹತ್ತು ವರ್ಷ ಒಂದಕ್ಷರ ಬದಲಾಗದೆ ಉಳಿಯಿತು. ಅದು ಪರಿಪೂರ್ಣವಾಗಿತ್ತು ಎಂದಲ್ಲ. ಜಾಗ ಉಳಿಸಲೆಂದು ಅದನ್ನು ಎಷ್ಟು ಬಿಗಿಯಾಗಿ ಹೆಣೆದಿದ್ದರೆಂದರೆ, ಒಂದು ಎಳೆ ಎಳೆದರೆ ಇಡೀ ಚಾಪೆ ಬಿಚ್ಚಿಕೊಳ್ಳುವ ಭಯ. ಬರೆದವರಿಗೇ ಅದನ್ನು ತಿದ್ದುವುದು ಕಷ್ಟವಾಗಿತ್ತು. ಕಳೆದುಹೋದ ಆ ಅರ್ಧ ಮಾಹಿತಿಯನ್ನು ಗಣಿತದಿಂದಲೇ ಊಹಿಸುವ ವಿಧಾನಗಳು, ಹಾಪ್ಟ್‌ಮನ್ ಮತ್ತು ಕಾರ್ಲ್ ಅವರಿಗೆ 1985ರ ನೊಬೆಲ್ ತಂದುಕೊಟ್ಟ ವಿಧಾನಗಳು, ಬಹಳ ಮುಂದುವರಿದಾಗ ಒಂದು ಭಾಗವನ್ನು 1986ರಲ್ಲಿ ಹೊಸದಾಗಿ ಬರೆದರು. ಪರಮಾಣುಗಳನ್ನು ಸರಿಸಿ ಸರಿಸಿ ನಿಖರಗೊಳಿಸುವ ಮುಖ್ಯ ಭಾಗವನ್ನು ತಿರುಗಿ ಬರೆದು ಪರೀಕ್ಷಿಸಿ ಮುಗಿಸುವ ಹೊತ್ತಿಗೆ 1993 ಬಂದಿತ್ತು. ನಾಲ್ಕು ವರ್ಷದ ಮೇಲೆ ಬಂದ ಶೆಲೆಕ್ಸ್-97 ದೇಶದೇಶಗಳ ಪ್ರಯೋಗಾಲಯಗಳಲ್ಲಿ ಮನೆಮಾತಾಯಿತು. ಕಾಲೇಜು, ವಿಶ್ವವಿದ್ಯಾಲಯಗಳವರು ಅದಕ್ಕೆ ದುಡ್ಡು ಕೊಡಬೇಕಾಗಿರಲಿಲ್ಲ.

ಇಷ್ಟು ದೀರ್ಘಾಯುಷ್ಯದ ಗುಟ್ಟೇನು? ಮುಖ್ಯವಾದದ್ದು ಒಂದು ಬಗೆಯ ಹಟ. ಶೆಲ್ಡ್ರಿಕ್ ತಮ್ಮ ಪ್ರೋಗ್ರಾಮು ಇನ್ನೊಬ್ಬರ ಯಾವ ತುಣುಕನ್ನೂ ನೆಚ್ಚಿಕೊಳ್ಳದಂತೆ ನೋಡಿಕೊಂಡರು. ಬೇರೆ ಕಡತ ಬೇಡ, ಬೇರೆ ಗ್ರಂಥಾಲಯ ಬೇಡ. ಪ್ರತಿಯನ್ನು ತಂದಿಟ್ಟರೆ ಅದು ನಡೆಯಬೇಕು. ವೀಲರ್ ಅವರ ಕಪಾಟಿನ ತತ್ವಕ್ಕೆ ಇದು ನೇರ ವಿರುದ್ಧ ಎನ್ನುವುದು ಸ್ವಾರಸ್ಯದ ಸಂಗತಿ. ಹತ್ತು ಕಡೆಯಿಂದ ಎರವಲು ತಂದು ಕಟ್ಟಿದ ತಂತ್ರಾಂಶ, ಆ ಹತ್ತರಲ್ಲಿ ಒಂದು ಕೈಕೊಟ್ಟರೂ ಮಲಗುತ್ತದೆ. ಇನ್ನೊಂದು ಹಟ ಹಳೆಯ ಕಡತಗಳ ಬಗ್ಗೆ. ಹೊಸ ಸೌಕರ್ಯ ಸೇರಿಸುವಾಗಲೂ ಹಳೆಯ ನಾಲ್ಕಕ್ಷರದ ಆಜ್ಞೆಗಳನ್ನು ಅವರು ಕೈಬಿಡಲಿಲ್ಲ. ಸುಂದರವಲ್ಲ, ನಿಜ. ಆದರೆ ಮೇಷ್ಟ್ರು ಕಲಿತದ್ದನ್ನೇ ಶಿಷ್ಯರೂ ಬಳಸಬಹುದಾಗಿತ್ತು.

ಇದೆಲ್ಲ ಬರಿಯ ಅನುಕೂಲದ ಪ್ರಶ್ನೆಯಲ್ಲ ಎಂಬುದಕ್ಕೆ 2006ರ ಒಂದು ಪ್ರಸಂಗ ಸಾಕ್ಷಿ. ಜೀವಕೋಶದೊಳಗಿಂದ ವಸ್ತುಗಳನ್ನು ಹೊರದೂಡುವ, ಔಷಧಕ್ಕೆ ರೋಗಾಣುಗಳು ಬಗ್ಗದಿರುವುದಕ್ಕೂ ಸಂಬಂಧವುಳ್ಳ ಒಂದು ಪ್ರೋಟೀನ್ ಕುಟುಂಬದ ರಚನೆಯನ್ನು ಅಮೆರಿಕದ ಒಂದು ಪ್ರಯೋಗಾಲಯ 2001ರಿಂದ ಸಾಲಾಗಿ ಪ್ರಕಟಿಸಿತ್ತು. ಅದಕ್ಕೆ ಹೊಂದದ ಫಲಿತಾಂಶ ಪಡೆದ ಇತರರು ತಮ್ಮ ಲೇಖನ ಅಚ್ಚಾಗಲು ಪರದಾಡಿದರು. ಕೊನೆಗೆ ಸ್ವಿಟ್ಜರ್ಲೆಂಡಿನ ಸಂಶೋಧಕರು 2006ರಲ್ಲಿ ಅದೇ ಕುಟುಂಬದ ಇನ್ನೊಂದು ಪ್ರೋಟೀನನ್ನು ಬಿಡಿಸಿದಾಗ ಎರಡೂ ತಾಳೆಯಾಗಲಿಲ್ಲ. ಹುಡುಕಿದರೆ, ತಪ್ಪು ಸಿಕ್ಕಿದ್ದು ಒಂದು ಚಿಕ್ಕ ಮನೆವಾರ್ತೆಯ ಪ್ರೋಗ್ರಾಮಿನಲ್ಲಿ. ಬೇರೊಂದು ಪ್ರಯೋಗಾಲಯದಿಂದ ಬಳುವಳಿಯಾಗಿ ಬಂದಿದ್ದ ಅದು ಅಂಕಿಗಳ ಎರಡು ಕಂಬಸಾಲುಗಳನ್ನು ಅದಲುಬದಲು ಮಾಡಿಬಿಟ್ಟಿತ್ತು. ಪರಿಣಾಮವಾಗಿ ಚಿತ್ರದಲ್ಲಿ ಎಡ ಬಲವಾಗಿತ್ತು, ಬಲ ಎಡವಾಗಿತ್ತು. ಐದು ಲೇಖನಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಯಾರದೂ ಮೋಸವಲ್ಲ, ಸೋಮಾರಿತನವೂ ಅಲ್ಲ. ಆ ಪ್ರೋಗ್ರಾಮನ್ನು ಬಿಚ್ಚಿ ನೋಡುವುದು ತನ್ನ ಕೆಲಸವೆಂದು ತಿಳಿದವರು ಇರಲಿಲ್ಲ, ಅಷ್ಟೆ.

ಮೋಸದ ಪ್ರಸಂಗಗಳೂ ಇವೆ. ಹರಳಿನ ರಚನೆಗಳನ್ನು ಪ್ರಕಟಿಸುವ ಪತ್ರಿಕೆಯೊಂದು 2009ರ ಕೊನೆಯಲ್ಲಿ 70ರಷ್ಟು ಕೃತಕ ರಚನೆಗಳನ್ನು ಪತ್ತೆಹಚ್ಚಿದ್ದಾಗಿ ಪ್ರಕಟಿಸಿತು. ನಿಜವಾದ ಒಂದು ಅಳತೆಯ ಪಟ್ಟಿಯನ್ನು ಇಟ್ಟುಕೊಂಡು, ಅಲ್ಲಲ್ಲಿ ಪರಮಾಣುಗಳ ಹೆಸರು ಬದಲಿಸಿ, ಹೊಸ ವಸ್ತುಗಳೆಂದು ಬರೆದು ಕಳಿಸಿದ್ದರು. ಸಿಕ್ಕಿಬಿದ್ದದ್ದು ಮೂಲ ಅಳತೆಗಳನ್ನು ತಪಾಸಣೆಯ ತಂತ್ರಾಂಶ ತಿರುಗಿ ಹೋಲಿಸಿ ನೋಡಿದ್ದರಿಂದ. ಮುಂದೆ 2013ರ ಹೊತ್ತಿಗೆ ಶೆಲ್ಡ್ರಿಕ್ ತಮ್ಮ ಪ್ರೋಗ್ರಾಮಿನಲ್ಲಿ ಒಂದು ಏರ್ಪಾಡು ಸೇರಿಸಿದರು: ಅಂತಿಮ ಫಲಿತಾಂಶದ ಕಡತದೊಳಗೇ ಮೂಲ ಅಳತೆಗಳೂ ಸೂಚನೆಗಳೂ ಸೇರಿಕೊಂಡುಬಿಡುತ್ತವೆ. ಯಾರು ಬೇಕಾದರೂ ಲೆಕ್ಕವನ್ನು ಮೊದಲಿನಿಂದ ಮಾಡಿ ನೋಡಬಹುದು.

ಇಂಥ ಕೆಲಸಕ್ಕೆ ಮನ್ನಣೆ ಸಿಕ್ಕ ಬಗೆ ತಮಾಷೆಯಾಗಿದೆ. 2008ರಲ್ಲಿ ಶೆಲ್ಡ್ರಿಕ್ ‘ಶೆಲೆಕ್ಸ್‌ನ ಒಂದು ಕಿರುಚರಿತ್ರೆ’ ಎಂಬರ್ಥದ ಶೀರ್ಷಿಕೆಯ ಲೇಖನವೊಂದನ್ನು ಬರೆದರು. ಕಾರ್ಡುಗಳಿಗಾಗಿ, ಇಂದಿನ ಮೇಜಿನ ಕಂಪ್ಯೂಟರಿಗಿಂತ 10,000 ಪಟ್ಟು ನಿಧಾನವಾದ ಯಂತ್ರಗಳಿಗಾಗಿ ಬರೆದದ್ದು ಇಷ್ಟು ಕಾಲ ಹೇಗೆ ಉಳಿಯಿತು ಎಂಬ ಪ್ರಶ್ನೆಯನ್ನು ಅದರಲ್ಲಿ ಅವರೇ ಕೇಳಿಕೊಂಡಿದ್ದಾರೆ. ಕೈತಪ್ಪಿದ ಅವಕಾಶಗಳನ್ನೂ ಫಲಿಸದ ಪ್ರಯತ್ನಗಳನ್ನೂ ಪಟ್ಟಿಮಾಡಿದ್ದಾರೆ. ಕೊನೆಗೊಂದು ಸಣ್ಣ ಸೂಚನೆ: ಪ್ರೋಗ್ರಾಮು ಬಳಸಿದವರು ಈ ಲೇಖನವನ್ನು ಉಲ್ಲೇಖಿಸಬಹುದು. ಬಳಸುವವರು ಸಾವಿರಾರು ಮಂದಿ, ಎಲ್ಲರೂ ಉಲ್ಲೇಖಿಸಿದರು. ಲೇಖನಗಳಿಗೆ ಸಿಗುವ ಸರಾಸರಿ ಉಲ್ಲೇಖಗಳನ್ನು ಲೆಕ್ಕಹಾಕಿ ಪತ್ರಿಕೆಗಳಿಗೆ ಅಂಕ ಕೊಡುವ ಪದ್ಧತಿಯೊಂದಿದೆ. ಅದರಲ್ಲಿ ಆ ಪತ್ರಿಕೆಯ ಅಂಕ 2008ರಲ್ಲಿ ಸುಮಾರು 2 ಇದ್ದದ್ದು 2009ರಲ್ಲಿ ಸುಮಾರು 50ಕ್ಕೆ ಜಿಗಿಯಿತು! ಹರಳುವಿಜ್ಞಾನಿಗಳ ಹೊರಗೆ ಹೆಚ್ಚು ಮಂದಿ ಓದದ ಪತ್ರಿಕೆ ರಾತ್ರೋರಾತ್ರಿ ಘಟಾನುಘಟಿಗಳ ಪಂಕ್ತಿಯಲ್ಲಿ ಕುಳಿತಿತು. ಕಾರಣ ಒಂದೇ ಒಂದು ಲೇಖನ. ಸಾರ್ವಕಾಲಿಕವಾಗಿ ಅತಿಹೆಚ್ಚು ಉಲ್ಲೇಖಗೊಂಡ ವಿಜ್ಞಾನ ಲೇಖನಗಳ ಪಟ್ಟಿಯನ್ನು 2014ರಲ್ಲಿ ‘ನೇಚರ್’ ಪ್ರಕಟಿಸಿದಾಗ ಮೊದಲ ಇಪ್ಪತ್ತರೊಳಗೆ ಅದು ಇತ್ತು. ನಲವತ್ತು ವರ್ಷದ ದುಡಿಮೆಗೆ ಬೆಲೆ ಕಟ್ಟುವ ಅಳತೆಗೋಲು ವಿಜ್ಞಾನದ ಬಳಿ ಇರಲಿಲ್ಲ; ಲೇಖನವೆಂಬ ವೇಷ ತೊಟ್ಟು ಬಂದ ಮೇಲೆಯೇ ಅದು ಲೆಕ್ಕಕ್ಕೆ ಸಿಕ್ಕಿದ್ದು.

ಒಬ್ಬರ ಕೈಯಲ್ಲಿ ಬೆಳೆದ ಪ್ರೋಗ್ರಾಮಿಗೆ ಒಬ್ಬರದೇ ಆಯುಷ್ಯವೆಂಬ ಆತಂಕ ಈ ಕ್ಷೇತ್ರದಲ್ಲಿ ಹೊಸದಲ್ಲ. ಬಿಗಿಯಾದ ಹೆಣಿಗೆಯನ್ನು ಇನ್ನೊಬ್ಬರು ಬಿಚ್ಚಿ ತಿದ್ದುವುದು ಬರೆದವರಿಗಿಂತಲೂ ಕಷ್ಟ. ಆದ್ದರಿಂದ ಬೇರೆ ತಂಡಗಳು ಅದೇ ಲೆಕ್ಕವನ್ನು ಬೇರೆ ಭಾಷೆಯಲ್ಲಿ, ಹಲವರು ಕೈಹಾಕಿ ತಿದ್ದಬಹುದಾದ ರೀತಿಯಲ್ಲಿ ಹೊಸದಾಗಿ ಬರೆದಿವೆ. ಇಂಗ್ಲೆಂಡಿನ ಡರಮ್‌ನಲ್ಲಿ ಹುಟ್ಟಿದ ಓಲೆಕ್ಸ್-2 ಅಂಥದ್ದೊಂದು. ಮೌಸಿನಿಂದ ಅಣುವನ್ನು ತಿರುಗಿಸಿ ನೋಡುವ ಬಣ್ಣದ ಪರದೆ ಅದರದು. ಆದರೆ ಅದು ಓದುವ, ಬರೆಯುವ ಕಡತಗಳು ಶೆಲೆಕ್ಸ್‌ನ ರೂಪದವು. ಆಜ್ಞೆಗಳಿಗೆ ನಾಲ್ಕು ಅಕ್ಷರ; ಅಳತೆಗಳ ಪಟ್ಟಿಯಲ್ಲಿ ಪ್ರತಿಯೊಂದು ಅಂಕಿಗೂ ಕಾರ್ಡಿನ ಕಾಲದಲ್ಲಿ ಗೊತ್ತುಮಾಡಿದಷ್ಟೇ ಅಗಲದ ಜಾಗ. ಪಟ್ಟಿ ಮುಗಿಯಿತೆಂದು ಯಂತ್ರಕ್ಕೆ ತಿಳಿಸಲು ಕೊನೆಯಲ್ಲಿ ಅದೇ ಹಳೆಯ ಸೊನ್ನೆಗಳ ಸಾಲು.